ತಪ್ಪು ಯಾವ ಕೈಯದು?

"ಇದನ್ನ ರಿಪೇರಿ ಮಾಡಿದ್ದು ಯಾರು?"

ಧಡ್ ಎಂದು ಮೇಜಿನ ಮೇಲೆ ಬಂದು ಕೂತ ಕಪ್ಪು ಪೆಟ್ಟಿಗೆಯ ಸದ್ದಿಗೆ ಹರ್ಷಿತ ಬೆಚ್ಚಿಬಿದ್ದಳು. ಕೈಯಲ್ಲಿದ್ದ ಸೋಲ್ಡರಿಂಗ್ ಐರನ್ ಜಾರಿ ಬೀಳುವುದರಲ್ಲಿತ್ತು.

ತಲೆ ಎತ್ತಿದರೆ ಎದುರಿಗೊಬ್ಬ ಯುವಕ. ಬೆನ್ನಿಗೆ ಗಿಟಾರಿನ ಚೀಲ. ಎಡಗೈ ಪ್ಯಾಂಟಿನ ಜೇಬಿನೊಳಗೆ. ಅಷ್ಟು ಭಾರದ ಆಂಪ್ಲಿಫೈಯರನ್ನು ಒಂದೇ ಕೈಯಲ್ಲಿ ಹಿಡಿದು ತಂದಿದ್ದ. ಮುಖದಲ್ಲಿ ಮಾತ್ರ ಕೆಂಡದಂಥ ಸಿಟ್ಟು!

"ನಾನೇ ಮಾಡಿದ್ದು" ಎಂದಳು.

"ನೀವಾ?" ಅವನ ಕಣ್ಣು ಅವಳನ್ನು ದಾಟಿ ಹಿಂದೆ ಕೂತಿದ್ದ ಹಿರಿಯರ ಮೇಲೆ ಹೋಯಿತು. "ಅವ್ರಲ್ವಾ?"

"ಅವ್ರು ನಮ್ಮಪ್ಪ. ಚಿನ್ನದ ಕೆಲ್ಸ ಅವ್ರದ್ದು. ಈ ಕಡೆ ಮೇಜು ನಂದು."

ಪಾಂಡವಪುರದ ಆ ಪುಟ್ಟ ಅಂಗಡಿಯಲ್ಲಿ ಎರಡು ಮೇಜುಗಳಿದ್ದವು. ಒಂದರಲ್ಲಿ ಅಕ್ಕಸಾಲಿ ಪುಟ್ಟಸ್ವಾಮಿ ಮೂಗುತಿ, ಓಲೆಗಳಿಗೆ ಬೆಸುಗೆ ಹಾಕುತ್ತಿದ್ದರು. ಇನ್ನೊಂದರಲ್ಲಿ ಅವರ ಮಗಳು, ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿದ ಇಪ್ಪತ್ತಾರರ ಹರ್ಷಿತ, ಮೈಕು, ಸ್ಪೀಕರು, ಆಂಪ್ಲಿಫೈಯರು ರಿಪೇರಿ ಮಾಡುತ್ತಿದ್ದಳು. ಹುಡುಗಿಯ ಕೈಗೆ ತಮ್ಮ ಪೆಟ್ಟಿಗೆ ಕೊಡಲು ಆರ್ಕೆಸ್ಟ್ರಾದವರಿಗೆ ಧೈರ್ಯ ಬರುವುದಕ್ಕೆ ಮೂರು ವರ್ಷ ಹಿಡಿದಿತ್ತು. ಈಗೀಗ ನಾಲ್ಕು ತಾಲೂಕಿನವರು ಅವಳ ಹೆಸರು ಹೇಳಿಕೊಂಡು ಬರುತ್ತಿದ್ದರು.

"ನಾನು ಲೋಹಿತ್. ಶ್ರೀರಂಗಪಟ್ಟಣದ ಶಂಕರಣ್ಣನ ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ನುಡಿಸ್ತೀನಿ. ದಸರಾ ಹೊತ್ತಲ್ಲಿ ನಮ್ಮ ಡ್ರಮ್ಮರ್ ಕಿಶನ್ ಇದನ್ನ ನಿಮ್ಮತ್ರ ತಂದು ಮಾಡಿಸ್ಕೊಂಡು ಹೋದ. ನಿನ್ನೆ ಮಧ್ಯಾಹ್ನ ಕೆ.ಆರ್. ಪೇಟೇಲಿ ಮದುವೆ ಪ್ರೋಗ್ರಾಮು. ಮೂರನೇ ಹಾಡಿಗೆ ಭರ್ರ್... ಅಂತ ಸ್ವರ ಒಡೀತು ನೋಡಿ! ಹೆಣ್ಣು-ಗಂಡು ತಿರುಗಿ ನೋಡಿದ್ರು. ಶಂಕರಣ್ಣ ಅಷ್ಟು ಜನದ ಮುಂದೆ ನನ್ನನ್ನ ಬೈದ."

"ಹಾಡು ಪೂರ್ತಿ ಹಂಗೇ ಇತ್ತಾ?"

"ಇಲ್ಲ. ಅರ್ಧ ನಿಮಿಷ. ಆಮೇಲೆ ತಾನೇ ಸರಿ ಹೋಯ್ತು. ಮತ್ತೆ ಐದನೇ ಹಾಡಿಗೆ ಬಂತು."

ಹರ್ಷಿತ ಆಂಪಿಗೆ ಕರೆಂಟು ಕೊಟ್ಟಳು. ಕೆಳಗಿದ್ದ ಸ್ಪೀಕರಿಗೆ ತಂತಿ ಸಿಕ್ಕಿಸಿದಳು. "ನುಡಿಸಿ."

ಅವನು ಗೋಡೆಯ ಕಡೆ ತಿರುಗಿ ನಿಂತು ನುಡಿಸಿದ. ಹತ್ತು ನಿಮಿಷ ನುಡಿಸಿದ. ಆಳವಾದ, ದುಂಡನೆಯ ಸ್ವರಗಳು. ಒಂದು ಕಡೆಯೂ ಒಡಕಿಲ್ಲ. ಓಲೆ ರಿಪೇರಿಗೆಂದು ಬಂದು ಕೂತಿದ್ದ ಚಿಕ್ಕಬೋರಮ್ಮ ಎಂಬ ಮುದುಕಿ ಕೂಡ ಕತ್ತು ಉದ್ದ ಮಾಡಿ ಕೇಳುತ್ತಿದ್ದಳು.

'ನನ್ನ ಕೆಲಸಕ್ಕೆ ಹೆಸರಿಡಲು ಬಂದಿದ್ದಾನೆ... ಅದೂ ಗಿರಾಕಿಗಳ ಮುಂದೆ!' ಹರ್ಷಿತಳಿಗೆ ಕಿವಿ ಬಿಸಿಯಾಯಿತು.

"ಕೇಳಿದ್ರಲ್ಲ?" ಎಂದಳು ಒರಟಾಗಿ. "ಆಂಪಲ್ಲಿ ಏನೂ ತಪ್ಪಿಲ್ಲ. ತಪ್ಪು ನುಡಿಸೋ ಕೈಯಲ್ಲಿರ್ಬೇಕು."

ಗಿಟಾರು ನಿಂತಿತು.

ಅವನು ನಿಧಾನವಾಗಿ ಈ ಕಡೆ ತಿರುಗಿದ. ಎಡಗೈಯನ್ನು ಅವಳ ಮೇಜಿನ ಮೇಲೆ, ದೀಪದ ಬೆಳಕಿಗೆ ಸರಿಯಾಗಿ ಇಟ್ಟ.

ಉಂಗುರದ ಬೆರಳೂ ಕಿರುಬೆರಳೂ ಅರ್ಧಕ್ಕೇ ಮುಗಿದಿದ್ದವು!

"ಈ ಕೈಯಲ್ಲಾ?" ಎಂದ.

ಏನೋ ಹೇಳಬೇಕು... ಏನು ಹೇಳಬೇಕು? ಅವಳು ಬಾಯಿ ತೆರೆಯುವಷ್ಟರಲ್ಲಿ ಅವನು ಆಂಪನ್ನು ಎತ್ತಿಕೊಂಡು ಬಸ್ ಸ್ಟಾಂಡಿನ ಕಡೆ ಹೊರಟುಬಿಟ್ಟಿದ್ದ.

"ಅಯ್ಯೋ ಶಿವ್ನೇ, ಅದೇನವ್ವ ಅಂಗಂದ್ಬುಟ್ಟೆ?" ಚಿಕ್ಕಬೋರಮ್ಮ ಹಣೆ ಬಡಿದುಕೊಂಡಳು. "ಅವ್ನು ನಮ್ ಸಂತೆಬಾಚಳ್ಳಿ ಮೂಗಮ್ಮನ ಮಗ ಕಣವ್ವ. ಓದ್ ವರ್ಸ ಮೇವು ಕತ್ತರ್ಸೋ ಮಿಷನ್ನಿಗೆ ಬೆರಳು ಸಿಕ್ಕೋಯ್ತು. ಆರ್ ತಿಂಗ್ಳು ಮಾತೇ ಆಡ್ನಿಲ್ಲ ಹೈದ. ಆಮೇಲ್ ಮೂರೇ ಬೆರಳಲ್ಲಿ ಮೊದ್ಲಿಂದ ಕಲ್ತ್ಕಂಡ. ನೀ ನೋಡುದ್ರೆ..."



*

ಮರುದಿನ ಭಾನುವಾರ. ಬೆಳಿಗ್ಗೆಯೇ ಬಸ್ಸು ಹತ್ತಿ ಶ್ರೀರಂಗಪಟ್ಟಣಕ್ಕೆ ಹೋದಳು. ರೈಲ್ವೆ ಸ್ಟೇಷನ್ ರಸ್ತೆಯ ಹಾರ್ಡ್‌ವೇರ್ ಅಂಗಡಿಯ ಮೇಲಿನ ಕೋಣೆಯಲ್ಲಿ ಶಂಕರನ ತಂಡ ಅಭ್ಯಾಸ ಮಾಡುತ್ತಿತ್ತು. ಬಾಗಿಲಲ್ಲಿ ಅವಳನ್ನು ಕಂಡದ್ದೇ ಲೋಹಿತನ ಮುಖ ಬಿಗಿಯಿತು.

"ಕೈ ಸರಿಯಾಗಿ ನೋಡಕ್ಕಾಗ್ಲಿಲ್ಲ ಅಂತ ಬಂದ್ರಾ?"

"ಕ್ಷಮೆ ಕೇಳಕ್ಕೆ ಬಂದೆ." ಅವಳು ಬಾಗಿಲಲ್ಲೇ ನಿಂತಳು. "ಗೊತ್ತಿರ್ಲಿಲ್ಲ... ಗೊತ್ತಿಲ್ದೇ ಇದ್ರೂ ಆಡಬಾರದ ಮಾತು. ತಪ್ಪಾಯ್ತು. ಆಮೇಲೆ, ಆ ಸದ್ದನ್ನ ನನ್ನ ಕಿವಿಯಾರೆ ಕೇಳ್ಬೇಕು. ಎಲ್ಲಿಂದ ಬರ್ತಿದೆ ಅಂತ ಹುಡುಕಿ ಕೊಡ್ತೀನಿ."

ತಂಡದ ಯಜಮಾನ ಶಂಕರ್ ಕೀಬೋರ್ಡಿನ ಹಿಂದಿನಿಂದ ನಕ್ಕ. ನಲವತ್ತು ದಾಟಿದ ಗಟ್ಟಿ ದನಿಯ ಮನುಷ್ಯ. "ಉಡುಕಿ ಮೇಡಂ, ಉಡುಕಿ. ಬರೋ ತಿಂಗ್ಳು ಮೂರನೇ ಭಾನುವಾರ ನಾಗಮಂಗಲದಲ್ಲಿ ರಾಜ್ಯೋತ್ಸವದ ಪ್ರೋಗ್ರಾಮದೆ. ಅಷ್ಟ್ರೊಳಗೆ ಸಿಗ್ನಿಲ್ಲ ಅಂದ್ರೆ ಬೇಸ್ ಗಿಟಾರೇ ಬ್ಯಾಡ. ನಾನೇ ಕೀಬೋರ್ಡಲ್ಲಿ ಎಡಗೈಲಿ ನುಡ್ಸ್ಕತೀನಿ."

ಲೋಹಿತ್ ತಲೆ ತಗ್ಗಿಸಿ ತಂತಿ ಬಿಗಿ ಮಾಡತೊಡಗಿದ. ಈ ಮಾತು ಅವನು ಕೇಳುತ್ತಿರುವುದು ಮೊದಲ ಸಲವಲ್ಲ ಎಂದು ಹರ್ಷಿತಳಿಗೆ ಅರ್ಥವಾಯಿತು.

ನಾಲ್ಕನೇ ಹಾಡು ನಡೆಯುತ್ತಿದ್ದಾಗ ಅದು ಬಂತು.

ಭರ್ರ್...!

ತಿರುಗುವ ಫ್ಯಾನಿಗೆ ಕಾಗದ ತಾಗಿದ ಹಾಗೆ. ಅವಳು ಎದ್ದು ಆಂಪಿನ ಹತ್ತಿರ ಓಡುವಷ್ಟರಲ್ಲಿ ಮಾಯ!

"ಬಂದಿದ್ದು ಕೇಳಿಸ್ತಾ?" ಲೋಹಿತ್ ಆತುರದಿಂದ ಕೇಳಿದ. ಯಾರಾದರೂ ಒಬ್ಬರು 'ಹೌದು, ಕೇಳಿಸಿತು' ಅಂದರೆ ಸಾಕೆಂಬ ದೈನ್ಯ ಅವನ ಕಣ್ಣಲ್ಲಿತ್ತು.

"ಕೇಳಿಸ್ತು. ಹುಡುಕೋಣ. ಆದ್ರೆ ಒಂದು ಸಲಕ್ಕೆ ಒಂದನ್ನೇ ಬದಲಾಯಿಸ್ಬೇಕು. ಎರಡನ್ನ ಒಟ್ಟಿಗೆ ಬದಲಾಯಿಸಿದ್ರೆ ಕಳ್ಳ ಯಾರು ಅಂತ ಗೊತ್ತಾಗಲ್ಲ."

ಮೊದಲು ಗಿಟಾರಿನಿಂದ ಆಂಪಿಗೆ ಹೋಗುವ ಕೇಬಲ್ ಬದಲಾಯಿತು. ಒಂದು ಗಂಟೆ ಸುಮ್ಮನಿದ್ದು ಮತ್ತೆ ಭರ್ರ್ ಎಂದಿತು. ಗಿಟಾರಿನ ಹೊಟ್ಟೆಯೊಳಗಿನ ಚಿಕ್ಕ ಬ್ಯಾಟರಿ ಹೊಸದಾಯಿತು. ಸದ್ದು ಹೋಗಲಿಲ್ಲ. ಮುಂದಿನ ಭಾನುವಾರ ಬೇರೆ ಸ್ಪೀಕರ್ ಬಾಕ್ಸ್ ತಂದರು. ಅದರಲ್ಲೂ ಬಂತು. ಎರಡು ದಿನ ಬರದೆ ಆಸೆ ಹುಟ್ಟಿಸುವುದು, ಮೂರನೇ ದಿನ ಎಲ್ಲರೆದುರು ಮಾನ ಕಳೆಯುವುದು... ಆ ಸದ್ದಿಗೆ ಎಷ್ಟು ಹೊಟ್ಟೆಕಿಚ್ಚು!

ಆದರೆ ಈ ಹುಡುಕಾಟದಲ್ಲಿ ಲೋಹಿತನ ಸಿಟ್ಟು ಎಲ್ಲಿ ಇಳಿಯಿತೋ ಅವನಿಗೇ ತಿಳಿಯಲಿಲ್ಲ. ಅವಳು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಕಿವಿಯನ್ನು ಸ್ಪೀಕರಿಗೆ ಒತ್ತಿ, ಕಣ್ಣು ಮುಚ್ಚಿ ಕೇಳುವಾಗ ಅವನು ನುಡಿಸುವುದನ್ನು ಮರೆತು ನೋಡುತ್ತಿದ್ದ.

"ನುಡಿಸ್ರೀ, ಯಾಕೆ ನಿಲ್ಲಿಸಿದ್ರಿ?"

"ಹಾಂ... ತಂತಿ ಬಿಸಿಯಾಗಿತ್ತು."

"ತಂತಿ ಎಲ್ಲಾದ್ರೂ ಬಿಸಿಯಾಗುತ್ತಾ!"

ಡ್ರಮ್ಸ್ ಹಿಂದೆ ಕೂತಿದ್ದ ಕಿಶನ್ ಮುಸಿಮುಸಿ ನಗುತ್ತಿದ್ದ.

ಎರಡನೇ ಭಾನುವಾರ ಸಂಜೆ ಬಸ್ಸು ತಪ್ಪಿದಾಗ ಲೋಹಿತ್ ಅವಳನ್ನು ಬೈಕಿನಲ್ಲಿ ಪಾಂಡವಪುರದ ತನಕ ಬಿಡಲು ಹೊರಟ. ದಾರಿಯಲ್ಲಿ ಕಬ್ಬಿನ ಹಾಲಿನ ಗಾಡಿ ಕಂಡು ನಿಲ್ಲಿಸಿದ.

"ಮೊದ್ಲು ನಾಲ್ಕು ಬೆರಳಲ್ಲಿ ನುಡಿಸ್ತಿದ್ದೆ" ಎಂದ ಲೋಟ ಹಿಡಿದು. "ಈಗ ಹೆಬ್ಬೆರಳು ಹಿಂದೆ ಕೊಟ್ಟು ಎರಡೇ ಬೆರಳಲ್ಲಿ ಓಡಾಡ್ಬೇಕು. ಒಂದೊಂದು ಹಾಡೂ ಹೊಸ್ದಾಗಿ ಕಲ್ತಿದ್ದೀನಿ. ಅವ್ವ ಬೆಳಿಗ್ಗೆ ಹಾಲು ಕರಿಯೋವಾಗ ಕೊಟ್ಟಿಗೇಲಿ ಕೂತು ನುಡಿಸ್ತಿದ್ದೆ. ದನಗಳು ಮಾತ್ರ ಬೈಯ್ಲಿಲ್ಲ ನೋಡಿ."

ಅವಳು ನಕ್ಕಳು. ಅವನು ನಗಲಿಲ್ಲ.

"ನಿಮಗೊಂದು ನಿಜ ಹೇಳ್ತೀನಿ, ಯಾರತ್ರನೂ ಅನ್ಬೇಡಿ. ಒಂದೊಂದ್ಸಲ ನನಗೇ ಅನುಮಾನ ಬರುತ್ತೆ. ಆ ಸದ್ದು ನನ್ನ ಕೈದೇನೋ... ತಂತಿ ಸರಿಯಾಗಿ ಅದುಮಕ್ಕೆ ಆಗ್ತಿಲ್ವೇನೋ... ನಾನೇ ಸುಳ್ಳು ಹೇಳ್ಕೊಂಡು ತಿರುಗ್ತಿದ್ದೀನೇನೋ ಅಂತ."

"ಅಲ್ಲ." ಹರ್ಷಿತ ಥಟ್ಟನೆ ಅಂದಳು. "ನಾನು ಎರಡು ಭಾನುವಾರ ಕೂತು ಕೇಳಿದ್ದೀನಿ. ಆ ಸದ್ದು ನಿಮ್ಮ ಕೈದಲ್ಲ."

"ಇಷ್ಟು ಗಟ್ಟಿಯಾಗಿ ಹೇಳೋರು ನೀವೊಬ್ರೇ."

ಅವನ ನೋಟ ಎದುರಿಸಲಾಗದೆ ಅವಳು ಲೋಟದಲ್ಲಿ ಮುಖ ಮುಚ್ಚಿಕೊಂಡಳು. ಎದೆ ಯಾಕೆ ಹೀಗೆ ಹೊಡೆದುಕೊಳ್ಳುತ್ತಿದೆ? ಬಂದದ್ದು ರಿಪೇರಿಗೆ ತಾನೇ... ರಿಪೇರಿಗೆ ಮಾತ್ರ ತಾನೇ?

*

ಮೂರನೇ ಭಾನುವಾರ ಎಲ್ಲವೂ ಮುರಿದುಬಿತ್ತು.

ಲೋಹಿತ್ ಮೈಸೂರಿನ ಗೆಳೆಯನಿಂದ ಬೇರೆ ಬೇಸ್ ಗಿಟಾರನ್ನೇ ತಂದಿದ್ದ. ಅದರಲ್ಲಿ ಎರಡು ಹಾಡು ನುಡಿಸಿದ. ಮೂರನೆಯದಕ್ಕೆ, ಡ್ರಮ್ಸಿನ ಜೊತೆ ಜೋರಾಗಿ ಇಳಿದಾಗ, ಭರ್ರ್...!

ಶಂಕರ್ ಕೀಬೋರ್ಡಿನಿಂದ ಕೈ ತೆಗೆದ.

"ಸಾಕು ಬುಡ್ಲಾ ಲೋಹಿತ. ಕೇಬಲ್ ಆಯ್ತು, ಬ್ಯಾಟ್ರಿ ಆಯ್ತು, ಸ್ಪೀಕರ್ ಆಯ್ತು, ಈಗ ಗಿಟಾರೂ ಆಯ್ತು." ಅವನು ಹರ್ಷಿತಳ ಕಡೆ ತಿರುಗಿದ. "ಮೇಡಂ, ಆಂಪ್ ನೀವೇ ಬಿಚ್ಚಿ ಮಾಡಿರೋದು. ಅದು ಸರಿಯಾಗದೆ ತಾನೇ?"



'ಬದಲಾಯಿಸದೆ ಉಳಿದಿರುವುದು ಎರಡು. ಅವನ ಕೈ. ನನ್ನ ಕೆಲಸ.' ಮೂರು ವಾರ ತಾನು ಎಲ್ಲವನ್ನೂ ಅನುಮಾನಿಸಿದ್ದಳು, ತನ್ನ ಬೆಸುಗೆಯೊಂದನ್ನು ಬಿಟ್ಟು! ಅದು ಆ ಕ್ಷಣದಲ್ಲೇ ಅವಳಿಗೆ ಹೊಳೆಯಿತು. ಹೇಳಿಬಿಡಬೇಕು. 'ಇನ್ನೊಂದು ಸಲ ತೆರೆದು ನೋಡುತ್ತೇನೆ' ಎಂದು ಒಂದೇ ಮಾತು...

ಆದರೆ ಶಂಕರನ ಬಾಯಿ ಸಣ್ಣದಲ್ಲ. ನಾಳೆಯೇ ನಾಲ್ಕು ತಾಲೂಕಿಗೆ ಸುದ್ದಿ ಮುಟ್ಟುತ್ತದೆ. ಹುಡುಗಿ ಕೈಯಲ್ಲಿ ಕೊಟ್ಟರೆ ಹಿಂಗೇ ಆಗೋದು ಅಂತಾರೆ. ಮೂರು ವರ್ಷ ಹಲ್ಲು ಕಚ್ಚಿ ಗಳಿಸಿದ ಹೆಸರು...

"ಅಂಗಡೀಲಿ ನೋಡ್ದಾಗ ಸರಿಯಾಗೇ ಇತ್ತು" ಎಂದಳು. ದನಿ ಅವಳಿಗೇ ಕೇಳಿಸದಷ್ಟು ಸಣ್ಣದಿತ್ತು.

"ಅಂಗಾದ್ರೆ ಬದಲಾಯಿಸ್ದೆ ಉಳ್ದಿರೋದು ನೀನೊಬ್ನೇ ಕಣ್ಲಾ ಲೋಹಿತ" ಎಂದ ಶಂಕರ್. ಗದರಿಕೆ ಇರಲಿಲ್ಲ. ಅದಕ್ಕೇ ಅದು ಇನ್ನೂ ಕೆಟ್ಟದಾಗಿ ತಾಗಿತು. "ಬೇಜಾರ್ ಮಾಡ್ಕಬೇಡ. ನಾಗಮಂಗಲಕ್ಕೆ ನೀ ಬರ್ಬೇಡ."

ಲೋಹಿತ್ ಶಂಕರನನ್ನು ನೋಡಲಿಲ್ಲ. ಹರ್ಷಿತಳನ್ನೇ ನೋಡುತ್ತಿದ್ದ. ಕಬ್ಬಿನ ಹಾಲಿನ ಗಾಡಿಯ ಹತ್ತಿರ ಅಷ್ಟು ಗಟ್ಟಿಯಾಗಿ ಆಡಿದ ಮಾತನ್ನು ಈಗ ಇನ್ನೊಂದು ಸಲ ಆಡುತ್ತಾಳೇನೋ ಎಂದು ಕಾದ.

ಅವಳು ನೆಲ ನೋಡಿದಳು.

ಅವನು ಕೇಬಲ್ ಕಿತ್ತ. ಗಿಟಾರನ್ನು ಚೀಲಕ್ಕೆ ತುಂಬಿದ. ಬಾಗಿಲಲ್ಲಿ ಒಂದು ಕ್ಷಣ ನಿಂತ.

"ಆಂಪ್ ನಿಮ್ಮತ್ರಾನೇ ಇರ್ಲಿ. ಇನ್ನು ನನಗೆ ಬೇಕಾಗಲ್ಲ."

ಕೆಳಗೆ ಬೈಕು ಹೊರಟ ಸದ್ದು ಕೇಳಿಸಿತು. ಹರ್ಷಿತ ಆಂಪನ್ನು ಎತ್ತಿಕೊಂಡು ಬಸ್ ಸ್ಟಾಂಡಿನ ಕಡೆ ನಡೆದಳು.

*

ಸೋಮವಾರ ಅಂಗಡಿ ತೆಗೆದವಳೇ ಬೇರೆ ಕೆಲಸ ಮುಟ್ಟಲಿಲ್ಲ. ಆಂಪಿಗೆ ಫೋನಿನಿಂದ ಒಂದೇ ಸಮನೆ ಮಂದ್ರಸ್ವರ ಕೊಟ್ಟು ಕೇಳಿದಳು. ಸರಿಯಾಗಿದೆ. ಒಂದು ಗಂಟೆ ಆಯಿತು. ಸರಿಯಾಗಿಯೇ ಇದೆ!

'ಇಲ್ಲಿ ಯಾಕೆ ಬರಲ್ಲ? ಅಲ್ಲಿ ಮಾತ್ರ ಯಾಕೆ ಬರುತ್ತೆ?'

ಶ್ರೀರಂಗಪಟ್ಟಣದ ಕೋಣೆಯನ್ನು ಕಣ್ಣ ಮುಂದೆ ತಂದುಕೊಂಡಳು. ಗೋಡೆ, ಕಿಟಕಿ, ಡ್ರಮ್ಸು, ಸ್ಪೀಕರ್ ಬಾಕ್ಸು, ಅದರ ಮೇಲೆ ಆಂಪು...

ಅದರ ಮೇಲೆ!

ಅಂಗಡಿಯಲ್ಲಿ ಆಂಪು ಗಟ್ಟಿ ಮೇಜಿನ ಮೇಲೆ ಅಲುಗಾಡದೆ ಕೂತಿರುತ್ತದೆ. ಅಲ್ಲಿ ಅದು ನಡುಗುವ ಸ್ಪೀಕರಿನ ನೆತ್ತಿಯ ಮೇಲೆ ಕೂತಿರುತ್ತದೆ. ಬಾಕ್ಸು ಬದಲಾಯಿಸಿದರೂ ಅಷ್ಟೆ, ಗಿಟಾರು ಬದಲಾಯಿಸಿದರೂ ಅಷ್ಟೆ!

ಆಂಪನ್ನು ಎತ್ತಿ ಸ್ಪೀಕರಿನ ಮೇಲಿಟ್ಟಳು. ಸದ್ದು ಏರಿಸಿದಳು. ಅದರ ಮೇಲಿದ್ದ ಸ್ಕ್ರೂಡ್ರೈವರ್ ನಡುಗುತ್ತ ಅಂಚಿಗೆ ಸರಿಯಿತು. ಏಳನೇ ನಿಮಿಷಕ್ಕೆ...

ಭರ್ರ್...!

ಗಿಟಾರಿಲ್ಲ. ತಂತಿಯಿಲ್ಲ. ಅದನ್ನು ನುಡಿಸುತ್ತಿರುವ ಕೈಯೇ ಇಲ್ಲ!

ಹರ್ಷಿತ ಬಾಯಿ ಮುಚ್ಚಿಕೊಂಡಳು. ಕಣ್ಣೀರು ಕೈಯ ಮೇಲೆ ಇಳಿಯಿತು.

ಆಂಪಿನ ಮುಚ್ಚಳ ತೆಗೆದು, ಒಣ ಬಿದಿರು ಕಡ್ಡಿಯಿಂದ ಒಳಗಿನ ಒಂದೊಂದು ಭಾಗವನ್ನೂ ಮೆಲ್ಲಗೆ ತಟ್ಟುತ್ತ ಹೋದಳು. ದಸರೆಯಲ್ಲಿ ತಾನೇ ಹೊಸದಾಗಿ ಹಾಕಿದ್ದ ದೊಡ್ಡ ಕೆಪಾಸಿಟರನ್ನು ತಟ್ಟಿದಾಗ ಸದ್ದು ಒಡೆಯಿತು. ಮತ್ತೆ ತಟ್ಟಿದಳು. ಸರಿಯಾಯಿತು. ಮತ್ತೆ ತಟ್ಟಿದಳು. ಒಡೆಯಿತು.

ಕರೆಂಟು ತೆಗೆದು, ಒಳಗೆ ಉಳಿದ ಚಾರ್ಜು ಇಳಿಸಿ, ಬೋರ್ಡನ್ನು ತಂದೆಯ ಮುಂದಿಟ್ಟಳು. ಪುಟ್ಟಸ್ವಾಮಿ ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡು ಬಗ್ಗಿದರು.

"ಬೆಸುಗೆ ಮೇಲ್ ಕೂತದೆ ಅಷ್ಟೆ, ಇಡ್ಕಂಡಿಲ್ಲ ಮಗಾ. ಬಿಸಿ ಸಾಲ್ದೆ ಓಗದೆ. ಈ ಕೆಪಾಸಿಟರ್ ಕಾಲ್ ಸುತ್ತ ಕೂದ್ಲಷ್ಟು ಬಿರುಕು ನೋಡು. ಯಾರ್ ಮಾಡಿದ್ದು?"

"ನಾನು."

ತಂದೆ ಭೂತಗಾಜು ತೆಗೆದು ಮಗಳ ಮುಖ ನೋಡಿದರು.

"ಅವತ್ತು ಆತುರ ಇತ್ತಪ್ಪ. ಕಿಶನ್ ಬಾಗ್ಲಲ್ಲೇ ನಿಂತಿದ್ದ, ಪ್ರೋಗ್ರಾಮಿಗೆ ಹೊತ್ತಾಯ್ತು ಅಂತ..." ಅಳು ಒತ್ತರಿಸಿ ಬಂತು. "ಅವ್ರ ಕೆಲಸ ಹೋಯ್ತಪ್ಪ. ನನ್ನಿಂದ! ಗೊತ್ತಿಲ್ದೆ ಆಗಿದ್ದು ಒಂದು ಕಡೆ. ಅನುಮಾನ ಬಂದಾಗ್ಲೂ ಬಾಯಿ ಮುಚ್ಕೊಂಡಿದ್ದೆ. ಅದೇ ತಡ್ಕೊಳಕ್ಕಾಗ್ತಿಲ್ಲ."

"ನನ್ ಬೆಸುಗೆ ಬುಟ್ಟೋದಾಗ್ಲೆಲ್ಲ ನಾನೇ ಅವ್ರ ಮನೇಗೋಗಿ ಒಪ್ಕಂಡು ಬತ್ತಿದ್ದೆ" ಎಂದಷ್ಟೇ ಹೇಳಿ ಪುಟ್ಟಸ್ವಾಮಿ ತಮ್ಮ ಕೆಲಸಕ್ಕೆ ತಿರುಗಿದರು.

*

ಲೋಹಿತ್ ಫೋನು ಎತ್ತಲಿಲ್ಲ. ಹನ್ನೊಂದು ಸಲ ಮಾಡಿದಳು. ಮಂಗಳವಾರ ಬೆಳಿಗ್ಗೆ ಕೆ.ಆರ್. ಪೇಟೆಗೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಸಂತೆಬಾಚಹಳ್ಳಿಗೆ ಇಳಿದಳು.

ಅಂಗಳದಲ್ಲಿ ಹಾಲಿನ ಕ್ಯಾನು ಉಜ್ಜುತ್ತಿದ್ದ ಹೆಂಗಸು ಮೇಲಿಂದ ಕೆಳಗೆ ನೋಡಿದಳು. ಲೋಹಿತನ ತಾಯಿ ಮೂಗಮ್ಮ.

"ನೀನಾ ಆಚಾರ್ರ ಮಗ್ಳು? ಮೂರ್ ವಾರ ನಿನ್ ಸುದ್ದಿಯೇ ಸುದ್ದಿ. ಈಗ ನೋಡುದ್ರೆ ಗಿಟಾರ್‌ನ ಅಟ್ಟಕ್ಕೆಸ್ದು ಕೊಟ್ಟಿಗೇಲಿ ಕುಂತವ್ನೆ. ಅದೇನ್ ಮಾಡ್ದೆ ತಾಯಿ ನನ್ ಮಗುಂಗೆ?"

ಹರ್ಷಿತ ಕೊಟ್ಟಿಗೆಯ ಕಡೆ ನಡೆದಳು.

ಲೋಹಿತ್ ಹಸುಗಳಿಗೆ ಹುಲ್ಲು ಹಾಕುತ್ತಿದ್ದ. ಅವಳನ್ನು ನೋಡಿಯೂ ಕೆಲಸ ನಿಲ್ಲಿಸಲಿಲ್ಲ.

"ಸದ್ದು ಸಿಕ್ತು" ಎಂದಳು ಹರ್ಷಿತ. "ಆಂಪಲ್ಲಿತ್ತು. ನಾನು ಹಾಕಿದ ಬೆಸುಗೇಲಿ. ಸ್ಪೀಕರ್ ನಡುಗಿದಾಗ ಬಿಟ್ಕೊಳ್ತಿತ್ತು. ನಿಮ್ಮ ಕೈದಲ್ಲ. ಒಂದೇ ಒಂದ್ಸಲನೂ ನಿಮ್ಮ ಕೈದಾಗಿರ್ಲಿಲ್ಲ."

ಹುಲ್ಲಿನ ಕಂತೆ ಅವನ ಕೈಯಿಂದ ಜಾರಿತು. ಅವನು ಗೋಡೆಗೆ ಒರಗಿ ನಿಂತ. ಕಣ್ಣು ಮುಚ್ಚಿಕೊಂಡ. ಮೂರು ವಾರದ ಬಿಗಿತ ಮುಖದಿಂದ ಇಳಿಯುತ್ತಿರುವುದು ಅವಳಿಗೆ ಕಾಣಿಸಿತು. ಆಮೇಲೆ ಕಣ್ಣು ತೆರೆದಾಗ ಅಲ್ಲಿ ಬೇರೇನೋ ಇತ್ತು.

"ಅವತ್ತು ಶಂಕರಣ್ಣ ಕೇಳ್ದಾಗ ನಿಮಗೆ ಗೊತ್ತಿತ್ತಾ?"

ಸುಳ್ಳು ಹೇಳುವುದು ಸುಲಭವಿತ್ತು. 'ಇಲ್ಲ' ಅಂದರೆ ಮುಗಿಯುತ್ತಿತ್ತು.

"ಗೊತ್ತಿರ್ಲಿಲ್ಲ. ಆದ್ರೆ... ಅನುಮಾನ ಬಂತು. ಹೇಳಕ್ಕೆ ಹೆದರಿದೆ."

"ಯಾವುದಕ್ಕೆ?"

"ಹೆಸರು ಹೋಗುತ್ತೆ ಅಂತ."

"ನನ್ನ ಹೆಸರು ಹೋದ್ರೂ ಪರವಾಗಿಲ್ಲ ಅಂತ." ಅವನು ಕಹಿಯಾಗಿ ನಕ್ಕ. "ನನ್ನ ಕೈನ ನಾನೇ ದ್ವೇಷಿಸ್ತಿದ್ದೆ ಕಣ್ರೀ. ಆ ಮಿಷನ್ನಿಗೆ ಸಿಕ್ಕಿದ ದಿನಾನೂ ಇಷ್ಟು ದ್ವೇಷಿಸಿರ್ಲಿಲ್ಲ. ನೀವು 'ಇನ್ನೊಂದ್ಸಲ ನೋಡ್ತೀನಿ' ಅಂದಿದ್ರೆ ಸಾಕಿತ್ತು. ಒಂದು ಮಾತು!"

"ಲೋಹಿತ್..."

"ಹೋಗಿ. ಬಸ್ ಹೊತ್ತಾಯ್ತು."

*

ಭಾನುವಾರ ಮಧ್ಯಾಹ್ನ ಮೂರು ಗಂಟೆ. ನಾಗಮಂಗಲದ ಮೈದಾನದಲ್ಲಿ ಕೆಂಪು-ಹಳದಿ ಬಾವುಟಗಳು ಪಟಪಟಿಸುತ್ತಿದ್ದವು. ಕುರ್ಚಿಗಳು ಅರ್ಧ ತುಂಬಿದ್ದವು. ವೇದಿಕೆಯ ಮೇಲೆ ಶಂಕರನ ತಂಡ ಮೈಕು ಪರೀಕ್ಷೆ ಮಾಡುತ್ತಿತ್ತು.

ಹೊಸ ಬೆಸುಗೆ ಹಾಕಿ, ಐದು ದಿನ ಸ್ಪೀಕರಿನ ಮೇಲಿಟ್ಟು ನಡುಗಿಸಿ ನೋಡಿದ್ದ ಆಂಪನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ಹರ್ಷಿತ ಮೆಟ್ಟಿಲು ಹತ್ತಿದಳು. ತೋಳು ಸೋತಿದ್ದವು. ಪಕ್ಕದಲ್ಲೇ ಇನ್ನೆರಡು ಆರ್ಕೆಸ್ಟ್ರಾದವರು ತಮ್ಮ ಸರದಿಗೆ ಕಾದು ನಿಂತಿದ್ದರು. ಅವರೂ ಅವಳ ಗಿರಾಕಿಗಳೇ.

'ಇವರು ಹೋದ ಮೇಲೆ ಹೇಳಲಾ?' ಎಂದು ಒಂದು ಕ್ಷಣ ಅನ್ನಿಸಿತು. ಅವತ್ತೂ ಹೀಗೇ ಅನ್ನಿಸಿತ್ತಲ್ಲ!

"ಶಂಕರಣ್ಣ, ಒಂದು ಮಾತು. ಎಲ್ಲರೂ ಕೇಳಿ."

ಅವಳ ದನಿಗೆ ಎಲ್ಲರೂ ತಿರುಗಿದರು. ಕಿಶನ್ ಮಾತ್ರ ಜೇಬಿನಿಂದ ಫೋನು ತೆಗೆದು ಏನೋ ಒತ್ತಿ, ಅಂಗೈಯಲ್ಲಿ ಹಿಡಿದುಕೊಂಡ.

"ಲೋಹಿತ್ ಅವ್ರ ಬೇಸ್ ಒಡೀತಿದ್ದಿದ್ದು ಅವ್ರ ಕೈಯಿಂದಲ್ಲ. ನಾನು ಹಾಕಿದ್ದ ಬೆಸುಗೆ ಸರಿ ಹಿಡಿದಿರ್ಲಿಲ್ಲ. ಕೆಲಸ ಕೆಟ್ಟಿದ್ದು ನಂದು. ಅವತ್ತು ನೀವು ಕೇಳಿದಾಗ ನನಗೆ ಅನುಮಾನ ಬಂದಿತ್ತು, ಆದ್ರೂ ಸರಿಯಾಗಿದೆ ಅನ್ನೋ ಹಂಗೆ ಮಾತಾಡಿದೆ. ಅವ್ರನ್ನ ವಾಪಸ್ ಕರೀರಿ."

ಶಂಕರನ ಮುಖ ಕಪ್ಪಿಟ್ಟಿತು.

"ಏನಮ್ಮಾ, ಆಟ ಅಂದ್ಕಂಡಿದ್ದೀಯಾ? ನಿನ್ ಮಾತ್ ನಂಬ್ಕಂಡು ಎಂಟ್ ವರ್ಸದಿಂದ ಜೊತೇಲಿದ್ದ ಹುಡ್ಗನ್ನ ಬುಡುಸ್ಬುಟ್ನಲ್ಲ! ಇನ್ ಮ್ಯಾಲೆ ನಮ್ದೊಂದು ವೈರೂ ನಿನ್ ಅಂಗ್ಡೀಗ್ ಬರಕ್ಕಿಲ್ಲ."

"ಬರ್ದಿದ್ರೂ ಸರಿ." ಕಣ್ಣೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. "ಅವ್ರನ್ನ ಕರೀರಿ. ಅವ್ರಷ್ಟು ಚೆನ್ನಾಗಿ ನುಡಿಸೋರನ್ನ ನಾನು ಕೇಳಿಲ್ಲ. ಆ ಕೈನ ಅನುಮಾನಿಸಿದ ಪಾಪ ನಂದೇ ಇರ್ಲಿ, ನಿಮಗೂ ಬೇಡ."

ಪಕ್ಕದ ತಂಡದವರು ಪಿಸುಗುಟ್ಟಿದರು. ಯಾರೋ ಒಬ್ಬರು ಫಕ್ಕನೆ ನಕ್ಕರು.

ಶಂಕರ್ ಸೊಂಟಕ್ಕೆ ಕೈಕೊಟ್ಟು ನಿಂತ. "ಈಗ್ ಎಲ್ಲಿಂದ ಕರ್ಸ್ಲಿ? ಅವ್ನು ನನ್ ಫೋನ್ ಎತ್ತಾನಾ?"

"ಎತ್ತವ್ನೆ ಅಣ್ಣ." ಕಿಶನ್ ಅಂಗೈಯನ್ನು ಮುಂದೆ ಚಾಚಿದ. ಫೋನು ಬೆಳಗುತ್ತಿತ್ತು. "ಮೊದ್ಲಿಂದ ಎಲ್ಲಾ ಕೇಳ್ಸ್ಕಂಡವ್ನೆ."



ಶಂಕರ್ ಫೋನು ಕಸಿದುಕೊಂಡ. "ಲೇ ಲೋಹಿತ... ತಪ್ಪಾಯ್ತು ಕಣ್ಲಾ. ಬಾ."

ಆ ಕಡೆಯಿಂದ ಫೋನು ಕಟ್ಟಾಯಿತು.

*

ನಾಲ್ಕೂವರೆ. ಶಂಕರನ ತಂಡ ಎರಡು ಹಾಡು ಮುಗಿಸಿತ್ತು. ಕೀಬೋರ್ಡಿನ ಎಡಗೈ ಬೇಸಿನಲ್ಲಿ ಹಾಡುಗಳು ತೆಳ್ಳಗೆ ಕೇಳಿಸುತ್ತಿದ್ದವು. ಹರ್ಷಿತ ವೇದಿಕೆಯ ಹಿಂದೆ ಕಂಬ ಹಿಡಿದು ನಿಂತಿದ್ದಳು.

'ಬರಲ್ಲ. ಯಾಕೆ ಬರ್ತಾರೆ? ನನ್ನ ಮುಖ ನೋಡೋಕಾ?'

ಆಗ ಮೈದಾನದಂಚಿಗೆ ಬೈಕೊಂದು ಬಂದು ನಿಂತಿತು. ಅಂಗಿಯ ಮೇಲೆ ಇನ್ನೂ ಹುಲ್ಲಿನ ಎಸಳು. ಬೆನ್ನಿಗೆ ಗಿಟಾರು!

ಅವನು ಅವಳ ಪಕ್ಕದಿಂದಲೇ ಮೆಟ್ಟಿಲು ಹತ್ತಿದ. ಒಂದು ಕ್ಷಣ ನಿಂತ. "ಆಂಪ್ ಎಲ್ಲಿಡಲಿ?"

"ಸ್ಪೀಕರ್ ಮೇಲೇ ಇಡಿ" ಎಂದಳು. "ಜೋರಾಗಿ ನುಡಿಸಿ."

ಮೂರನೇ ಹಾಡು. ಕಿಶನ್ ಡ್ರಮ್ಸ್ ಮೇಲೆ ಮುಗಿಬಿದ್ದ. ಲೋಹಿತ್ ಜನರ ಕಡೆಗೇ ಮುಖ ಮಾಡಿ ನಿಂತು ದಪ್ಪ ತಂತಿಯನ್ನು ಬಲವಾಗಿ ಮೀಟಿದ. ವೇದಿಕೆಯ ಹಲಗೆ ನಡುಗಿತು. ಹರ್ಷಿತಳ ಅಂಗಾಲಿನಿಂದ ಆ ನಡುಕ ಮೇಲೇರಿತು. ಈಗ... ಈಗ ಬರಬಹುದು...

ಬರಲಿಲ್ಲ.

ನಾಲ್ಕನೇ ಹಾಡು. ಐದನೇ ಹಾಡು. ಅವನು ಬೇಕೆಂದೇ ಇನ್ನೂ ಜೋರು ಮಾಡಿದ. ಆಂಪಿನ ಮೇಲಿಟ್ಟಿದ್ದ ನೀರಿನ ಬಾಟಲಿ ಕುಣಿದು ಕೆಳಗೆ ಬಿತ್ತು. ಸ್ವರ ಮಾತ್ರ ದುಂಡಗೆ, ತುಂಬಿಕೊಂಡು, ಮೈದಾನದ ಕೊನೆಯ ಕುರ್ಚಿಯ ತನಕ ಹರಿಯಿತು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು.

ಹರ್ಷಿತ ಕಂಬಕ್ಕೆ ಹಣೆ ಒತ್ತಿ ಬಿಕ್ಕಿ ಬಿಕ್ಕಿ ಅತ್ತಳು.

ಕಾರ್ಯಕ್ರಮ ಮುಗಿದಾಗ ಹೊತ್ತು ಇಳಿಯುತ್ತಿತ್ತು. ಅವಳು ಬಸ್ ಸ್ಟಾಂಡಿನ ಕಡೆ ನಡೆಯುತ್ತಿದ್ದಾಗ ಬೈಕು ಪಕ್ಕಕ್ಕೆ ಬಂದು ನಿಂತಿತು.

"ಹೇಳ್ದೆ ಹೋಗ್ತಿದ್ದೀರಾ?"

"ನಾನು ಬಂದ ಕೆಲಸ ಆಯ್ತು."

"ನಂದು ಆಗ್ಲಿಲ್ಲ." ಅವನು ಬೈಕಿನಿಂದ ಇಳಿದ. "ಮಂಗಳವಾರ ಹಂಗೆ ಕಳಿಸಿದ್ಮೇಲೆ ದಿನಾ ಅವ್ವನ ಹತ್ರ ಬೈಸ್ಕೊಂಡೆ. ಸಿಟ್ಟು ಇನ್ನೂ ಪೂರ್ತಿ ಹೋಗಿಲ್ಲ, ಸುಳ್ಳು ಹೇಳಲ್ಲ. ಆದ್ರೆ ಇವತ್ತು ಫೋನಲ್ಲಿ ಕೇಳ್ತಾ ಇದ್ದಾಗ... ಆ ನಕ್ಕೋನ ಕೆನ್ನೆಗೆ ಹೊಡೀಬೇಕು ಅನ್ನಿಸ್ತು. ಸಿಟ್ಟು ನಿಮ್ಮ ಮೇಲಿರ್ಬೇಕಿತ್ತಲ್ವಾ, ಅವನ ಮೇಲ್ಯಾಕೆ ಬಂತು ಅಂತ ದಾರಿಯುದ್ದಕ್ಕೂ ಯೋಚ್ನೆ ಮಾಡ್ದೆ."

"ಗೊತ್ತಾಯ್ತಾ?"

"ಸಂತೆಬಾಚಹಳ್ಳಿ ದಾಟೋಷ್ಟ್ರಲ್ಲೇ ಗೊತ್ತಾಯ್ತು." ಅವನು ತಲೆ ಕೆರೆದುಕೊಂಡ. "ನೀವಂದ್ರೆ ಇಷ್ಟ ಕಣ್ರೀ. ನೆಲದ ಮೇಲೆ ಕೂತು ಸ್ಪೀಕರಿಗೆ ಕಿವಿ ಕೊಡ್ತಿದ್ರಲ್ಲ, ಅವಾಗಿಂದ."

ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. "ನನಗೂ..." ಎಂದವಳು ಮುಂದೆ ಹೇಳಲಾಗದೆ ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ನನಗೂ ಅಷ್ಟೆ."

ಅವನು ಬೈಕಿಗೆ ಒರಗಿ ನಿಂತ.

"ನಾಳೆ ಅಂಗಡಿ ತೆಗೀತೀರಾ?"

"ತೆಗೀತೀನಿ. ಗಿರಾಕಿ ಬರ್ತಾರೋ ಇಲ್ವೋ, ಗೊತ್ತಿಲ್ಲ."

"ನಾನು ಬರ್ತೀನಿ. ಅವ್ವನ್ನೂ ಕರ್ಕೊಂಡು."

"ಅವ್ರು ಯಾಕೆ? ಅವ್ರದ್ದೇನು ಕೆಟ್ಟಿದೆ?"

"ಏನೂ ಕೆಟ್ಟಿಲ್ಲ. ನಿಮ್ಮಪ್ಪನ ಹತ್ರ ಮಾತಾಡಕ್ಕೆ."

ಹರ್ಷಿತಳ ಮುಖ ಕೆಂಪೇರಿತು. ರಸ್ತೆಯ ಆ ಕಡೆ ನೋಡಿದಳು, ಈ ಕಡೆ ನೋಡಿದಳು.

"ನಾಳೆ ಬೇಡ. ಅಪ್ಪ ಕಣ್ಣು ತೋರಿಸಕ್ಕೆ ಮೈಸೂರಿಗೆ ಹೋಗ್ತಾರೆ."

"ಮತ್ತೆ?"

ಅವಳು ಅವನ ಅಂಗಿಗೆ ಅಂಟಿದ್ದ ಹುಲ್ಲಿನ ಎಸಳೊಂದನ್ನು ಮೆಲ್ಲಗೆ ಕಿತ್ತು ತೆಗೆದಳು.

"ಮಂಗಳವಾರ ಬಾ" ಎಂದಳು.